ಗ್ರೂಪ್‌ಸೆಟ್ ಸಾಹೇಬರು

ಶಹಾಪುರದಲ್ಲಿ ಸಾಹೇಬರು ಹತ್ತಾರು ಮಂದಿ. ಆದರೆ ಗ್ರೂಪ್‌ಸೆಟ್ ಸಾಹೇಬರ ಮನೆ ಎಲ್ಲಿ ಎಂದರೆ ಚಹಾದಂಗಡಿಯ ಹುಡುಗನೂ ಕೈಮಾಡಿ ತೋರಿಸುತ್ತಾನೆ. ಈ ತಳಿಯವರು ಯಾದಗಿರಿಯ ಕಚೇರಿಗಳಲ್ಲಿ ಒಬ್ಬಿಬ್ಬರು, ಸುರಪುರದ ಕಾಲೇಜುಗಳಲ್ಲಿ ಒಬ್ಬರಾದರೂ ಸಿಗುತ್ತಾರೆ. ನಮ್ಮವರು ಇರುವುದು ಭೀಮರಾಯನಗುಡಿ ಕ್ಯಾಂಪಿನಲ್ಲಿ, ಕಚೇರಿ ಶಹಾಪುರದಲ್ಲಿ. ಮನೆಯಲ್ಲಿ ಹೆಲ್ಮೆಟ್ ಇದೆ, ಅರ್ಧ ಬೆರಳಿನ ಕೈಗವಸು ಇದೆ, ಹಿಂದೆ ಮಿಣುಕುವ ಕೆಂಪು ದೀಪ ಇದೆ, ನೀರಿನ ಬಾಟಲಿಯೂ ಅದನ್ನು ಸಿಗಿಸುವ ಪಂಜರವೂ ಇವೆ. ಸೈಕಲ್ ಇಲ್ಲ.

2020ರ ಲಾಕ್‌ಡೌನಿನಲ್ಲಿ ದೇಶಕ್ಕೆಲ್ಲ ಸೈಕಲ್ ಹುಚ್ಚು ಹಿಡಿದಾಗ ಸಾಹೇಬರಿಗೂ ಹಿಡಿಯಿತು. ಉಳಿದವರು ಕೊಂಡರು, ನಾಲ್ಕು ದಿನ ತುಳಿದರು, ಮಾರಿದರು, ಹುಚ್ಚು ಇಳಿಯಿತು. ಇವರು ಕೊಳ್ಳಲೇ ಇಲ್ಲವಾದ್ದರಿಂದ ಇಳಿಯುವುದಕ್ಕೆ ದಾರಿಯೇ ಸಿಗಲಿಲ್ಲ.

ಬೇಡಿಕೆಯೇನೂ ದೊಡ್ಡದಲ್ಲ. ದಿನಾ ಕ್ಯಾಂಪಿನಿಂದ ಕಚೇರಿಗೆ ಹೋಗಿ ಬರಬೇಕು, ಆಯಿತವಾರ ಬೆಳಿಗ್ಗೆ ಸುರಪುರದ ಕಡೆ ಒಂದು ಸುತ್ತು ಹಾಕಿಕೊಂಡು ಬರಬೇಕು. ಎರಡಕ್ಕೂ ಒಂದೇ ಸೈಕಲ್, ಅದೂ ರೋಡ್ ಬೈಕ್. ಕುರಿಯ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲಿನದು. ಹಳೆಯ ಕರಿ ಸೈಕಲ್ ಇಪ್ಪತ್ತು ಕಿಲೋ ತೂಗಿದರೆ ಇದು ಹತ್ತರ ಆಸುಪಾಸು. ಇಷ್ಟಕ್ಕೆ ನಿಲ್ಲಿಸಿ ಅಂಗಡಿಗೆ ಹೋಗಿದ್ದರೆ ನಾನು ಇದನ್ನು ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

"ಸರ್, ಸೈಕಲ್ ಯಾವಾಗ ಬರ್ತದ್ರಿ?" ಎಂದು ಯಾರೋ ಚಹಾದಂಗಡಿಯಲ್ಲಿ ಕೇಳಿದರು.

"ಬರ್ತದ, ಬರ್ತದ. ಇನ್ನಾ ಗ್ರೂಪ್‌ಸೆಟ್ ಫೈನಲ್ ಆಗಿಲ್ಲ."

"ಅದೇನ್ರೀ ಅದು?"

ಕೇಳಬಾರದಿತ್ತು. ಗೇರು, ಬ್ರೇಕು, ಚೈನು, ಅವನ್ನು ನಡೆಸುವ ಹಿಡಿಕೆ ಎಲ್ಲ ಸೇರಿ ಒಂದು ಸಂಸಾರ, ಅದಕ್ಕೆ ಗ್ರೂಪ್‌ಸೆಟ್ ಅನ್ನುತ್ತಾರೆ ಎಂದು ಸಾಹೇಬರು ಶುರುಮಾಡಿದರು. ಜಪಾನಿನ ಶಿಮಾನೊ ಕಂಪನಿಯದರಲ್ಲಿ ಕ್ಲಾರಿಸ್ ಅಂದರೆ ಹಿಂದೆ 8 ಚಕ್ರ, ಸೋರಾ ಅಂದರೆ 9, ಟಿಯಾಗ್ರಾ ಅಂದರೆ 10. ಅದರ ಮೇಲೆ 105 ಎಂದೊಂದಿದೆ, ಅದರ ಹೊಸದಕ್ಕೆ 12. ಕ್ಲಾರಿಸ್ ಸಾಕು ಅನ್ನಿಸುತ್ತದೆ, ಆದರೆ ಇನ್ನು ಸ್ವಲ್ಪೇ ಸ್ವಲ್ಪ ಹಾಕಿದರೆ ಸೋರಾ ಬರುತ್ತದೆ. ಸೋರಾಕ್ಕೆ ಅಷ್ಟು ಹಾಕುವವರು ಟಿಯಾಗ್ರಾಕ್ಕೆ ಇಷ್ಟು ಹಾಕಲಾರರೇ? ಹೀಗೆ ಸ್ವಲ್ಪೇ ಸ್ವಲ್ಪ ಹಾಕುತ್ತಾ ಇಪ್ಪತ್ತು ಸಾವಿರದಿಂದ ಹೊರಟ ಬಜೆಟ್ ಒಂದು ಹಳೇ ಮಾರುತಿ ಕಾರಿನ ಬೆಲೆಗೆ ಹೋಗಿ ಮುಟ್ಟಿದೆ. ಅಲ್ಲಿಗೆ ಸಾಹೇಬರು ಗಾಬರಿಯಾಗಿ ಮತ್ತೆ ಇಪ್ಪತ್ತು ಸಾವಿರಕ್ಕೆ ಇಳಿಯುತ್ತಾರೆ. ವರ್ಷಕ್ಕೆ ಎರಡು ಸಲ ಈ ಘಾಟಿ ಹತ್ತಿ ಇಳಿಯುವುದು ನಡೆದೇ ಇದೆ. ವ್ಯಾಯಾಮ ಆಗುತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ.

ತೂಕದ ವಿಷಯದಲ್ಲಂತೂ ಸಾಹೇಬರು ಬಲು ಕಟ್ಟುನಿಟ್ಟು. ಅಂತರರಾಷ್ಟ್ರೀಯ ರೇಸುಗಳಲ್ಲಿ ಸೈಕಲ್ 6.8 ಕಿಲೋಗಿಂತ ಹಗುರ ಇರಕೂಡದೆಂಬ ನಿಯಮವಿದೆ. ಅದನ್ನು ಹೇಳುವಾಗ ತಮ್ಮದೇ ಸೈಕಲ್ಲಿನ ಮೇಲೆ ಕೇಸು ಹಾಕಿಯಾರೆಂಬ ಆತಂಕ ಅವರ ಮುಖದಲ್ಲಿ ಕಾಣುತ್ತದೆ. ಅಲ್ಯುಮಿನಿಯಂ ಫ್ರೇಮಿಗೆ ಕಾರ್ಬನ್ ಫೋರ್ಕ್ ಇದ್ದರೆ ಇಷ್ಟು ಗ್ರಾಂ ಉಳಿತಾಯ, ಗಾಲಿ ಬದಲಿಸಿದರೆ ಇನ್ನಷ್ಟು ಗ್ರಾಂ ಎಂದು ಬೆರಳು ಮಡಚುತ್ತಾ ಲೆಕ್ಕ ಹೇಳುತ್ತಾರೆ. ಮಡಚದ ಇನ್ನೊಂದು ಕೈಯಲ್ಲಿ ಮಿರ್ಚಿ ಭಜಿ ಇರುತ್ತದೆ. ಮುಂದೆ ಸೂಸಲಾದ ತಟ್ಟೆ.

ಅಳತೆ ತೆಗೆದ ಪ್ರಸಂಗ ಕ್ಯಾಂಪಿಗೆಲ್ಲ ಗೊತ್ತು. ಫ್ರೇಮಿನ ಸೈಜು ಕಂಡುಹಿಡಿಯಲು ಬರಿಗಾಲಲ್ಲಿ ಗೋಡೆಗೆ ಆನಿಸಿ ನಿಂತು, ತೊಡೆಗಳ ನಡುವೆ ಒಂದು ದಪ್ಪ ಪುಸ್ತಕ ಸಿಗಿಸಿ, ಅದರ ಮೇಲಂಚಿಗೆ ಗೋಡೆಯ ಮೇಲೆ ಪೆನ್ಸಿಲ್ ಗೀಟು ಎಳೆಯಬೇಕು. ನೆಲದಿಂದ ಗೀಟಿನವರೆಗೆ ಎಷ್ಟು ಸೆಂಟಿಮೀಟರೋ ಅದನ್ನು 0.67ರಿಂದ ಗುಣಿಸಿದರೆ ಫ್ರೇಮು, 0.883ರಿಂದ ಗುಣಿಸಿದರೆ ಸೀಟಿನ ಎತ್ತರ. ಮನೆಯಲ್ಲಿ ದಪ್ಪ ಪುಸ್ತಕ ಅಂತ ಇದ್ದದ್ದು ಕೆಸಿಎಸ್‌ಆರ್ ಒಂದೇ. ಸರ್ಕಾರಿ ನೌಕರರ ಸೇವಾ ನಿಯಮಗಳನ್ನೆಲ್ಲ ತೊಡೆಸಂದಿಯಲ್ಲಿ ಅವುಚಿಕೊಂಡು, ಲುಂಗಿ ಎತ್ತಿ ಕಟ್ಟಿ, ಉಸಿರು ಬಿಗಿಹಿಡಿದು, ಬಾಯಲ್ಲಿ ಪೆನ್ಸಿಲ್ ಕಚ್ಚಿ ಸಾಹೇಬರು ನಿಂತಿದ್ದಾಗಲೇ ಸುರಪುರದಿಂದ ಮಾವನವರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು.

"ಏನ್ ನಡದದ್ರಿ ಅಳಿಯಂದಿರಾ?"

ಬಾಯಲ್ಲಿ ಪೆನ್ಸಿಲ್ ಇದ್ದುದರಿಂದ ಉತ್ತರ ಬರಲಿಲ್ಲ. ಒಳಗಿನಿಂದ ಮಗಳು ಹೇಳಿದಳು, "ಸೈಕಲ್ ನೋಡ್ಲಾಕತ್ಯಾರಪ್ಪಾ."

ಮಾವನವರು ಚಪ್ಪಲಿ ಬಿಟ್ಟು, ಕಾಲು ತೊಳೆದು, ಕುರ್ಚಿಯಲ್ಲಿ ಕೂತು, ಸಾವಕಾಶವಾಗಿ ಅಂದರು: "ನಮ್ಮ ಹುಡುಗಿನ್ನ ನೋಡ್ಲಾಕ ಬಂದಾಗ ಒಂದ್ ತಾಸಿನ್ಯಾಗ ಹ್ಞೂಂ ಅಂದಿದ್ರಿ."

ಅಳತೆ 80 ಬಂತು. ಗುಣಿಸಿದರೆ 53.6. ಒಂದು ಕಂಪನಿಯಲ್ಲಿ 52 ಇದೆ, 54 ಇದೆ, ನಡುವಿನದಿಲ್ಲ. ಈ ಎರಡು ಸೆಂಟಿಮೀಟರಿನ ಮೇಲೆ ಒಂದು ಇಡೀ ಬೇಸಿಗೆ ಕಳೆಯಿತು. ಅಂದರೆ ಕಳೆದುಕೊಂಡದ್ದೇನೂ ಇಲ್ಲ ಬಿಡಿ. ನಮ್ಮ ಕಡೆ ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟಿದ ಬಿಸಿಲಿಗೆ ಸೈಕಲ್ ಇದ್ದವರೂ ಹೊರಗೆ ಬರುವುದಿಲ್ಲ.

ಅಂಗಡಿಗೆ ಹೋಗಿಲ್ಲವೆಂದಲ್ಲ. ಯಾದಗಿರಿಯಿಂದ ಬಸ್ಸು ಹಿಡಿದು ಹೈದರಾಬಾದಿಗೇ ಹೋಗಿದ್ದರು. ಒಂದು ದೊಡ್ಡ ಅಂಗಡಿಯ ಕಂಪೌಂಡಿನಲ್ಲಿ ಎರಡು ಸುತ್ತು ಓಡಿಸಿಯೂ ನೋಡಿದರು. ವಾಪಸು ಬಂದಾಗ ಕೈಯಲ್ಲಿದ್ದದ್ದು ಒಂದು ಚಡ್ಡಿ. ಕೂತಲ್ಲಿ ನೋಯದಿರಲೆಂದು ಹಿಂಭಾಗಕ್ಕೆ ಮೆತ್ತೆ ಹೊಲಿದ ಸೈಕಲ್ ಚಡ್ಡಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ಒಗೆದು ಹಗ್ಗಕ್ಕೆ ಹಾಕಿದ ದಿನ ಪಕ್ಕದ ಮನೆಯ ಅಮ್ಮ ಕಂಪೌಂಡಿನ ಆಚೆಯಿಂದ ಬಹಳ ಹೊತ್ತು ನೋಡಿ, ಕೊನೆಗೆ ತಡೆಯಲಾರದೆ ಕೇಳಿದರು: "ಯವ್ವಾ, ಚಡ್ಡಿಗಿ ದಿಂಬ್ಯಾಕ ಹೊಲ್ದೀರಿ?"

ಸಾಹೇಬರ ತಾಯಿಯ ತಕರಾರು ಬೇರೆ ಥರದ್ದು, ನನಗೆ ಅದರಲ್ಲಿ ತೂಕವಿದೆ ಅನ್ನಿಸುತ್ತದೆ. ಈ ಸೀಮೆಯಲ್ಲಿ ಒಬ್ಬ ಮನುಷ್ಯ ಮುಂದೆ ಬಂದ ಅನ್ನುವುದಕ್ಕೆ ಸಾಕ್ಷಿಯೇ ಸೈಕಲ್ ಬಿಟ್ಟು ಗಾಡಿ ತಗೊಂಡದ್ದು. ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಪುಕ್ಕಟೆ ಸೈಕಲ್ ಹಂಚಿದ ಮೇಲಂತೂ ಅದು ಶಾಲೆ ಮಕ್ಕಳ ವಸ್ತು ಎಂದು ಎಲ್ಲರಿಗೂ ಖಾತ್ರಿಯಾಗಿದೆ. "ನೌಕರಿ ಇದ್ದಾಂವ ಸೈಕಲ್ ಮ್ಯಾಲ ಹೋದ್ರ ಮಂದಿ ಏನಂತಾರೋ ತಮ್ಮಾ?" ಎಂದು ತಾಯಿ ಕೇಳಿದರು. ಮಂದಿ ಏನನ್ನುತ್ತಾರೆಂಬುದು ಒಂದೇ ವಾರದಲ್ಲಿ ಗೊತ್ತಾಯಿತು. ಅಭ್ಯಾಸಕ್ಕೆಂದು ಮಗಳ ಸೈಕಲ್ ಮೇಲೆ ಕಚೇರಿಗೆ ಹೊರಟಿದ್ದರು. ಗೇಟಿನಲ್ಲಿ ಜವಾನ ಓಡಿಬಂದು ಸೈಕಲ್ ಹಿಡಿದುಕೊಂಡು, ದನಿ ತಗ್ಗಿಸಿ, "ಗಾಡಿ ಫೈನಾನ್ಸಿನೋರು ಒಯ್ದ್ರೇನ್ರಿ ಸಾಹೇಬ್ರ?" ಎಂದ. ಸಂಜೆ ಇಬ್ಬರು ಗುಮಾಸ್ತರು ಸಾಲ ಬೇಕಾದರೆ ಕೇಳಿ ಎಂದು ಪಿಸುಗುಟ್ಟಿ ಹೋದರು. ಮರುದಿನದಿಂದ ಮತ್ತೆ ಬುಲೆಟ್.

ಪಂಚರ್ ಅಂಗಡಿಯ ಚಾಚಾ ಮಾತ್ರ ಸಾಹೇಬರನ್ನು ಗಂಭೀರವಾಗಿ ತಗೊಂಡವರು. ಫೋಟೊ ಇಸಕೊಂಡು, ಕನ್ನಡಕ ಏರಿಸಿ, ಹಿಗ್ಗಿಸಿ ಹಿಗ್ಗಿಸಿ ನೋಡಿದರು.

"ಸ್ಟ್ಯಾಂಡ್ ಎಲ್ಲ್ಯದರಿ?"

"ಇರಲ್ಲ ಚಾಚಾ."

"ಕ್ಯಾರಿಯರ್?"

"ಇರಲ್ಲ."

"ಮಡ್‌ಗಾರ್ಡು, ಬೆಲ್ಲು?"

"ಯಾವ್ದೂ ಇರಲ್ಲ. ದೊಡ್ಡ ಮಾಡೆಲ್ಲಿಗೆ ಪೆಡಲ್ಲೂ ಕೊಡಲ್ಲ, ಬ್ಯಾರೆ ತಗೋಬೇಕು."

"ಮತ್ತ ರೊಕ್ಕ ಯಾತಕ್ಕರಿ?"

"ಇಲ್ಲದ್ದಕ್ಕೇ ರೊಕ್ಕ ಚಾಚಾ."

ಚಾಚಾ ಅದನ್ನು ಒಪ್ಪಿಕೊಂಡರು. ಒಪ್ಪದಿದ್ದದ್ದು ಟಯರು. ಗಾಲಿ ದೊಡ್ಡದು, 700. ಅಗಲ ಮಾತ್ರ 25 ಮಿಲಿಮೀಟರು, ಹೆಬ್ಬೆರಳಿನಷ್ಟು. ಗಾಳಿ ತುಂಬುವ ಮೂತಿಯೂ ಬೇರೆ. ಪ್ರೆಸ್ಟಾ ಎಂಬ ಸಣ್ಣ ವಾಲ್ವು, ಚಾಚಾನ ಪಂಪು ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರು ಜೇಬಲ್ಲಿ ಇಟ್ಟುಕೊಂಡೇ ತಿರುಗಬೇಕು. ಸಾಹೇಬರು ಆ ಅಡಾಪ್ಟರನ್ನೂ ತರಿಸಿ ಬೀಗದ ಕೈ ಗೊಂಚಲಿಗೆ ಪೋಣಿಸಿಕೊಂಡಿದ್ದಾರೆ ಅನ್ನಿ. "ಅದೆಲ್ಲ ಖರೆ. ನಮ್ಮ ಬಳ್ಳಾರಿ ಜಾಲಿ ಮುಳ್ಳು ಟ್ರ್ಯಾಕ್ಟರ್ ಟಯರ್‌ನಾಗ ಹೊಕ್ಕು ಬರ್ತದ. ಇದಕ್ಕ ಕಂಡ್ರ ನಗ್ತದ," ಎಂದರು ಚಾಚಾ.

ಇಲ್ಲಿ ಸಾಹೇಬರಿಗೆ ನ್ಯಾಯ ಸಲ್ಲಿಸಬೇಕು. ಐದು ವರ್ಷ ತಲೆ ಕೆಡಿಸಿಕೊಂಡವರ ಬಳಿ ವಿದ್ಯೆ ಇರುವುದು ಸುಳ್ಳಲ್ಲ. ಕಿರಿದಾದ ಟಯರಿಗೆ ಗಾಳಿ ಬಿಗಿಯಾಗಿ ಹೊಡೆಯಬೇಕು, ಬಿಗಿ ಹೊಡೆದರೆ ಜಲ್ಲಿ ಎದ್ದ ರಸ್ತೆಯ ಪ್ರತಿ ಕಲ್ಲೂ ಬೆನ್ನುಮೂಳೆಗೆ ವರದಿ ಮಾಡುತ್ತದೆ, ಆ ಕುಲುಕಾಟದಲ್ಲೇ ಅರ್ಧ ವೇಗ ಸೋರಿ ಹೋಗುತ್ತದೆ. 32 ಮಿಲಿಮೀಟರು ಹಾಕಿ ಗಾಳಿ ಸ್ವಲ್ಪ ಸಡಿಲ ಬಿಟ್ಟರೆ ನಮ್ಮ ರಸ್ತೆಯಲ್ಲಿ ಅದೇ ಜೋರು. ಶಹಾಪುರದಿಂದ ಸುರಪುರಕ್ಕೆ ಹೋಗುವ 150ಎ ಹೆದ್ದಾರಿಯೇನೋ ನೆಟ್ಟಗಿದೆ, ಆದರೆ ರಾಶಿಯ ಕಾಲಕ್ಕೆ ಒಳದಾರಿಗಳೆಲ್ಲ ಕಣಗಳೇ. ತೊಗರಿ ಹಾಸಿರುತ್ತಾರೆ, ಕಾಲುವೆ ಕಡೆಯ ಊರುಗಳಲ್ಲಿ ಭತ್ತ ಒಣಹಾಕಿರುತ್ತಾರೆ. 25ರ ಟಯರು ಅದರ ಮೇಲೆ ಹತ್ತಿತೋ, ಸವಾರ ನೇರ ರಾಶಿಯೊಳಗೆ. ಗೇರಿನದೂ ಹಾಗೆಯೇ. ಕರಿ ಸೈಕಲ್ಲಿನಲ್ಲಿ ಪೆಡಲು ಒಂದು ಸುತ್ತಿದರೆ ಹಿಂದಿನ ಗಾಲಿ ಎರಡೂವರೆ ಸುತ್ತು ತಿರುಗುತ್ತದೆ. ಸುರಪುರದ ಗುಡ್ಡಕ್ಕೆ ಅದು ಆಗದ ಮಾತು, ಇಳಿದು ತಳ್ಳಬೇಕು. ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಒಂದಕ್ಕೆ ಒಂದೇ ಸುತ್ತು, ಟೇಲರ್ ಮಂಜಿಲ್‌ವರೆಗೂ ಕೂತೇ ಹತ್ತಬಹುದು. ಆ ಬಂಗಲೆಯ ಮೆಡೋಸ್ ಟೇಲರ್ ಸಾಹೇಬ 1841ರಲ್ಲಿ ಸುರಪುರಕ್ಕೆ ಬಂದು 1853ರವರೆಗೆ ಆಡಳಿತ ನಡೆಸಿ ಹೋದ. ಕುದುರೆ ಆರಿಸುವುದಕ್ಕೆ ಆತ ಇಷ್ಟು ವಿಚಾರ ಮಾಡಿದ್ದರೆ ಆ ಹನ್ನೆರಡು ವರ್ಷವೂ ಹೈದರಾಬಾದಿನ ಲಾಯದಲ್ಲೇ ಮುಗಿಯುತ್ತಿತ್ತು.

ವಿದ್ಯೆ ಇದ್ದಲ್ಲಿ ಶಿಷ್ಯರು ಇದ್ದೇ ಇರುತ್ತಾರೆ. ಸಾಹೇಬರ ಮಾತು ಕೇಳಿ ಸೈಕಲ್ ತಗೊಂಡವರು ಊರಲ್ಲಿ ಏಳೆಂಟು ಮಂದಿ. ಅವರು ಬುದ್ಧ ಮಲಗಿದ ಬೆಟ್ಟದ ಮುಂದೆ ಸೈಕಲ್ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ, ಬೋನಾಳ ಕೆರೆಯ ಹಕ್ಕಿ ನೋಡಿ ಬರುತ್ತಾರೆ, ತಿಂಥಣಿ ಮೌನೇಶ್ವರನಿಗೆ ಕಾಯಿ ಒಡೆಸಿ ಬರುತ್ತಾರೆ. ಫೋಟೊ ಕಳಿಸಿದರೆ ಸಾಹೇಬರು ಕಣ್ಣು ಕಿರಿದು ಮಾಡಿ, "ಸೀಟು ಅರ್ಧ ಇಂಚು ಕೆಳಗದ," ಎನ್ನುತ್ತಾರೆ. ಹೊಸ ಸೈಕಲ್ ತೋರಿಸಲು ತಂದ ಹುಡುಗನಿಗೆ, "ಅವಸರ ಮಾಡಿದಿ ತಮ್ಮಾ. ಮುಂದಿನ ವರ್ಷದ ಮಾಡೆಲ್ ಬರೋದಿತ್ತು."

ಅವರ ಸ್ವಂತ ಗುರಿ ದೊಡ್ಡದು. ಫ್ರಾನ್ಸಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ ಸವಾರಿ ನಡೆಯುತ್ತದೆ, 1,200 ಕಿಲೋಮೀಟರು, 90 ತಾಸು. ಅದಕ್ಕೆ ಹೋಗಬೇಕಾದರೆ ಮೊದಲು 200, 300, 400, 600 ಕಿಲೋಮೀಟರಿನ ಬ್ರೆವೆ ಎಂಬ ಸವಾರಿಗಳನ್ನು ವೇಳೆಯೊಳಗೆ ಮುಗಿಸಬೇಕು. 200ಕ್ಕೆ ಹದಿಮೂರೂವರೆ ತಾಸು. 2023ರದು ಗ್ರೂಪ್‌ಸೆಟ್ ಗೊಂದಲದಲ್ಲಿ ತಪ್ಪಿಹೋಯಿತು. 2027ಕ್ಕೆ ನೋಡೋಣ ಎಂದಿದ್ದಾರೆ.

ಕೊನೆಗೊಮ್ಮೆ ಎಲ್ಲ ಇತ್ಯರ್ಥವಾಗಿತ್ತು: 54ರ ಫ್ರೇಮು, 32ರ ಟಯರು, ಸೋರಾ, ಮಡ್‌ಗಾರ್ಡ್ ಕೂರಿಸಲು ತೂತು. ದುಡ್ಡು ಕಟ್ಟುವ ಹಿಂದಿನ ದಿನ ವರ್ಗಾವಣೆ ಆದೇಶ ಬಂತು, ಯಾದಗಿರಿಗೆ. ನಾಲ್ಕೈದು ಕಿಲೋಮೀಟರಿಗೆ ನೋಡಿದ ಸೈಕಲ್ ಮೂವತ್ತೈದು ಕಿಲೋಮೀಟರಿಗೆ ಹೇಗಾದೀತು, ನಡುವೆ ಭೀಮೆ ಬೇರೆ ದಾಟಬೇಕು! ಸಾಹೇಬರು ರಾತ್ರಿಯೆಲ್ಲ ಕೂತು ಮೊದಲಿನಿಂದ ಓದಿದರು. ಬೆಳಿಗ್ಗೆ ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಯಾದಗಿರಿ ಬಸ್ಸು ಹತ್ತಿದಾಗ ಕಣ್ಣು ಕೆಂಪಗಿದ್ದವು, ಮುಖದಲ್ಲಿ ಹೊಸ ಕಳೆ ಇತ್ತು. ಕಂಡಕ್ಟರ್ ಹತ್ತಿರ ಬರುತ್ತಲೇ ಕೇಳಿದರು:

"ಮಡಚೋ ಸೈಕಲ್ ಅಂತ ಬರ್ತದ ನೋಡ್ರಿ, ಹದಿನಾರು ಇಂಚಿನ ಗಾಲಿದು. ಅದನ್ನ ಬಸ್ಸಿನಾಗ ತಂದ್ರ ಲಗೇಜ್ ಟಿಕೆಟ್ ಹರೀತೀರೇನು?"

ಕಂಡಕ್ಟರ್ ಸೀಟಿನ ಕೆಳಗೆ ಬಗ್ಗಿ ನೋಡಿದ, ಹಿಂದೆ ಹೋಗಿ ನೋಡಿ ಬಂದ.

"ಎಲ್ಲ್ಯದರಿ ಸೈಕಲ್ಲು?"

"ಇನ್ನಾ ತಗೊಂಡಿಲ್ಲ."

"ಹಂಗಾದ್ರ ಸದ್ಯಕ್ಕ ನಿಮ್ಮೊಂದು ಟಿಕೆಟ್ ತಗೋರಿ."