ಟವೆಲ್ ಹಾಕಲಾಗದ ಸೀಟು

ಶಿಕಾರಿಪುರದ ಬಸ್‌ಸ್ಟ್ಯಾಂಡಿಗೆ ಸೊರಬದ ಬಸ್ಸು ಬಂದು ಪೂರ್ತಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದು ನಮಗೆ ರಕ್ತಗತ. ಟವೆಲ್ ಇಲ್ಲದವರು ಕೊಡೆ ಎಸೆಯುತ್ತಾರೆ, ಕೊಡೆಯೂ ಇಲ್ಲದವರು ಮಗುವನ್ನೇ ತೂರಿಸುತ್ತಾರೆ. ಹಳೇ ಬಸ್ಸುಗಳಲ್ಲಿ ಫಸ್ಟ್ ಕ್ಲಾಸ್ ಎಂದರೆ ಡ್ರೈವರ್ ಪಕ್ಕದ ಬಾನೆಟ್ಟು. ಮಳೆಗಾಲದಲ್ಲಿ ಒದ್ದೆಯಾದ ಪಂಚೆ ಶಿರಾಳಕೊಪ್ಪ ಬರುವಷ್ಟರಲ್ಲಿ ಇಂಜಿನ್ ಕಾವಿಗೆ ಒಣಗುತ್ತಿತ್ತು. ಎದುರು ಬರುವ ಲಾರಿಯವರ ವಂಶಾವಳಿಯನ್ನು ಡ್ರೈವರ್ ಪುಕ್ಕಟೆಯಾಗಿ ಹೇಳುತ್ತಿದ್ದ. ಆ ಜಾಗ ದುಡ್ಡಿಗೆ ಸಿಗುತ್ತಿರಲಿಲ್ಲ, ಪರಿಚಯ ಬೇಕಿತ್ತು.

ಹೀಗೆ ಪಳಗಿದ ನಮ್ಮನ್ನು ಮಗಳು ಬಾಣಂತನಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಕರೆಸಿಕೊಂಡಳು. 2021ರ ಜನವರಿಯಲ್ಲಿ ಏರ್ ಇಂಡಿಯಾ ಅಲ್ಲಿಂದ ಬೆಂಗಳೂರಿಗೆ ನೇರ ವಿಮಾನ ಬಿಟ್ಟಿತ್ತು. ಮೊದಲ ಸಲ ಅದನ್ನು ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದವರು ಎಲ್ಲರೂ ಹೆಣ್ಣುಮಕ್ಕಳೇ. ಆ ಬೋಯಿಂಗ್ 777ರಲ್ಲಿ 238 ಸೀಟು: ಫಸ್ಟ್ ಕ್ಲಾಸಿಗೆ 8, ಬಿಸಿನೆಸ್ಸಿಗೆ 35, ಮಿಕ್ಕ 195 ನಮ್ಮಂಥವರಿಗೆ. ಅಳಿಯ ತೆಗೆದ ಟಿಕೆಟ್ಟು ಮಾತ್ರ ಬೇರೆ ಕಂಪನಿಯದು, ನಡುವೆ ಇಳಿದು ಹತ್ತುವಂಥದ್ದು, ಅಗ್ಗದ್ದು.

ವಿಮಾನದವರ ಕ್ರೌರ್ಯವೇನೆಂದರೆ, ಹಿಂದೆ ಕೂರುವವರನ್ನೂ ಮುಂದಿನಿಂದಲೇ ಹತ್ತಿಸುವುದು. ಕಾಲು ಚಾಚಿ ಜ್ಯೂಸ್ ಹೀರುತ್ತಿದ್ದವರ ನಡುವೆ ನಾವು ಬ್ಯಾಗು ಎಳೆದುಕೊಂಡು ಸಾಗಿದೆವು. ಆಮೇಲೆ ಪ್ರೀಮಿಯಂ ಎಕಾನಮಿ ಎಂಬ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ಒಂದು ಜಾತಿ. ಕೊನೆಗೆ ನಮ್ಮ ಸಾಲು: ಮೂರು, ನಾಲ್ಕು, ಮೂರು. ಮುಂದಿನವನು ಸೀಟು ಹಿಂದಕ್ಕೆ ಬಾಗಿಸಿದಾಗ ಅವನ ಬೋಳುತಲೆ ನನ್ನ ಊಟದ ತಟ್ಟೆಯ ಮೇಲೆ ಬಂತು. ಸಾಂಬಾರ್ ಇದ್ದಿದ್ದರೆ ಅನಾಹುತವಾಗುತ್ತಿತ್ತು.

"ಅಲ್ರೀ, ಮುಂದೆ ಅಷ್ಟೊಂದು ಸೀಟು ಖಾಲಿ ಇದಾವೆ. ಹೋಗಿ ಟವೆಲ್ ಹಾಕಿ ಬರಬಾರ್ದಾ?" ಎಂದಳು ಹೆಂಡತಿ.

ಅಷ್ಟರಲ್ಲಿ ಗಗನಸಖಿ ನಡುವಿನ ಪರದೆ ಎಳೆದಳು. ಅಲ್ಲಮನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ನಮ್ಮ ತಾಲ್ಲೂಕಿನವೇ. ಹನ್ನೆರಡನೇ ಶತಮಾನದಲ್ಲೇ ಮೇಲುಕೀಳು ಬಿಟ್ಟವರ ನೆಲದವಳು ನನ್ನ ಹೆಂಡತಿ. ಮೂವತ್ತು ಸಾವಿರ ಅಡಿ ಮೇಲಿನ ಈ ಪಂಕ್ತಿಭೇದವನ್ನು ಸಹಿಸಿಯಾಳೇ? ಹಿಂದಿನ ಪಾಯಿಖಾನೆಗೆ ಸಾಲು ಹನುಮನ ಬಾಲವಾದಾಗ, ಪರದೆ ಸರಿಸಿಕೊಂಡು ಸೀದಾ ಒಳಗೆ ನುಗ್ಗಿದಳು. ಗಗನಸಖಿ ಇಂಗ್ಲಿಷಿನಲ್ಲಿ ತಡೆದಳಂತೆ. ಇವಳು ಕನ್ನಡದಲ್ಲೇ, "ಒಂದೇ ವಿಮಾನ ಅಲ್ವೇನಮ್ಮಾ?" ಎಂದು ಅವಳ ಗಲ್ಲ ಸವರಿ ಮುಂದೆ ಹೋದಳಂತೆ.

ಬಂದವಳೇ ವರದಿ ಕೊಟ್ಟಳು. "ಎಲ್ಲರನ್ನೂ ಬಾಣಂತಿ ಹಂಗೆ ಕಾಲುನೀಡಿಸಿ ಹೊದಿಸಿ ಮಲಗಿಸಿದಾರೆ. ನಮ್ಮ ಮಗಳಿಗಾದ್ರೂ ಇಷ್ಟು ಉಪಚಾರ ಸಿಕ್ಕೀತೋ ಇಲ್ವೋ!"

ಮರಳುವಾಗ ಬೆಂಗಳೂರಿನಿಂದ ಶಿವಮೊಗ್ಗಕ್ಕೂ ವಿಮಾನವೇ. ಸೋಗಾನೆಯ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿ, ಆಗಸ್ಟ್ ಕೊನೆಗೆ ಹಾರಾಟ ಶುರುವಾಯಿತಲ್ಲ. ನಾವು ಹತ್ತಿದ್ದು ಪಂಖದ ಪುಟ್ಟ ಎಟಿಆರ್. ಕ್ಲಾಸು ಒಂದೇ, ಪರದೆಯೂ ಇಲ್ಲ. ಅದರ ಸೊಗಸೆಂದರೆ ಮುಂಭಾಗದಲ್ಲಿ ಲಗೇಜು ತುಂಬುತ್ತಾರೆ, ಜನ ಹತ್ತಿ ಇಳಿಯುವುದು ಹಿಂದಿನ ಬಾಗಿಲಿನಿಂದ. ಕೊನೇ ಸಾಲಿನವರೇ ಮೊದಲು ಇಳಿಯುವವರು. ನನಗೆ ಮುಂದಿನ ಸಾಲು ಬಂದಿತ್ತು, ಹೆಂಡತಿಗೆ ಕಟ್ಟಕಡೆಯದು. ನಾನು ಹೊರಬರುವಷ್ಟರಲ್ಲಿ ಅವಳು ಟ್ಯಾಕ್ಸಿಯವನ ಜೊತೆ ಚೌಕಾಸಿ ಮುಗಿಸಿ, ಬಾಡಿಗೆ ಹಂಚಿಕೊಳ್ಳಲು ಸೊರಬದ ದಂಪತಿಯನ್ನೂ ಗೊತ್ತುಮಾಡಿ, ಡ್ರೈವರ್ ಪಕ್ಕ ಕೂತು ಅವನ ಊರು ಯಾವುದೆಂದು ವಿಚಾರಿಸುತ್ತಿದ್ದಳು.