ಥ್ರಿಲ್ಲರ್ ಬರೆಯುವವರಿಗೆ ಪೀಣ್ಯದಿಂದ ಒಂದು ಬಹಿರಂಗ ಪತ್ರ

ಸನ್ಮಾನ್ಯ ಕಾದಂಬರಿಕಾರರೇ,

ಅಮೆರಿಕದ ಅಧ್ಯಕ್ಷ ಚುನಾವಣೆ, ಅದರಲ್ಲೊಬ್ಬ ಪ್ರಾಮಾಣಿಕ ಅಭ್ಯರ್ಥಿ, ಎದುರಾಳಿಯ ಬಂಡವಾಳವನ್ನೆಲ್ಲ ಬಚ್ಚಿಟ್ಟುಕೊಂಡ ಒಂದು ರಹಸ್ಯ ಕಡತ. ನಿಮ್ಮ ಇಂಥ ಕಾದಂಬರಿಗಳನ್ನು ನಾನು ಮೆಟ್ರೋದಲ್ಲಿ ನಿಂತೇ ಓದುತ್ತೇನೆ. ಕೊನೆಗೆ ಕಡತ ಬಯಲಾಗುತ್ತದೆ, ಮರುದಿನವೇ ಖಳನಾಯಕ ರಾಜೀನಾಮೆ ಬಿಸಾಕುತ್ತಾನೆ. ಲೇತ್ ಮೇಲೆ ಕೆಲಸ ಮಾಡುವ ನನಗೆ, ಇಷ್ಟು ಸಲೀಸಾಗಿ ಕೂತುಬಿಡುವ ಕಥೆ ಕಂಡರೆ ಅಳತೆಯ ಮೇಲೇ ಅನುಮಾನ.

ನಮ್ಮ ಪಕ್ಕದ ಜಾಲಹಳ್ಳಿಗೆ ಬನ್ನಿ. 2018ರ ಮೇ ತಿಂಗಳು, ವಿಧಾನಸಭೆ ಚುನಾವಣೆಗೆ ಇನ್ನೇನು ಮೂರ್ನಾಲ್ಕು ದಿನ. ಒಂದು ಫ್ಲ್ಯಾಟ್‌ನಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಸಿಕ್ಕವು. ನೀವಾಗಿದ್ದರೆ ಅವನ್ನು ನಕಲಿ ಮಾಡಿಬಿಡುತ್ತಿದ್ದಿರಿ. ಇಲ್ಲಿ ಅವು ಮೇಲ್ನೋಟಕ್ಕೆ ಅಸಲಿಯಂತೆಯೇ ಇದ್ದವು! ಫ್ಲ್ಯಾಟ್ ಯಾರ ಕಡೆಯವರದು ಎಂದು ಕೇಳಿದರೆ ಕಾಂಗ್ರೆಸ್ಸು ಬಿಜೆಪಿಯತ್ತ ಬೆರಳು ತೋರಿಸಿತು, ಬಿಜೆಪಿ ಕಾಂಗ್ರೆಸ್ಸಿನತ್ತ. ರಾಜ್ಯದ ಬಹುಪಾಲು ಮೇ 12ರಂದು ಮತ ಹಾಕಿದರೆ, ಆ ಫ್ಲ್ಯಾಟ್ ಇದ್ದ ರಾಜರಾಜೇಶ್ವರಿ ನಗರ ಕ್ಷೇತ್ರ 28ರವರೆಗೆ ಕಾದು ಕುಳಿತಿತು.

ಅಲ್ಲಿಗೆ ನಿಮ್ಮ ಪುಸ್ತಕ ಮುಗಿಯುತ್ತಿತ್ತು. ನಮ್ಮದು ಆಗಷ್ಟೇ ಶುರು. ಕಾಂಗ್ರೆಸ್ ಅಭ್ಯರ್ಥಿ ಗೆದ್ದರು. ಸೋತ ಬಿಜೆಪಿ ಅಭ್ಯರ್ಥಿ ಹೈಕೋರ್ಟ್ ಮೆಟ್ಟಿಲು ಹತ್ತಿದರು. 2019ರಲ್ಲಿ ಗೆದ್ದವರೇ ರಾಜೀನಾಮೆ ಕೊಟ್ಟರು. 2020ರ ನವೆಂಬರಿನಲ್ಲಿ ಉಪಚುನಾವಣೆ ಬಂದಾಗ ಬಿಜೆಪಿ ಟಿಕೆಟ್ ಸಿಕ್ಕಿದ್ದು ಯಾರಿಗೆ? ಕೋರ್ಟಿಗೆ ಅಲೆದವರಿಗಲ್ಲ, ಯಾರ ವಿರುದ್ಧ ಅಲೆದರೋ ಅವರಿಗೆ. ಮತ್ತೆ ಗೆದ್ದರು, ಈ ಸಲ ಅರ್ಧ ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ. ಇದನ್ನು ನೀವು ಬರೆದಿದ್ದರೆ ನಿಮ್ಮ ಸಂಪಾದಕರು 'ನಂಬುವ ಹಾಗಿಲ್ಲ' ಎಂದು ಹಸ್ತಪ್ರತಿಯನ್ನು ವಾಪಸ್ ಕಳಿಸುತ್ತಿದ್ದರು.

ಅಧ್ಯಕ್ಷ ಪದವಿಯೇ ಬೇಕು ಎಂದು ನೀವು ಹಟ ಹಿಡಿದರೆ ಅದಕ್ಕೂ ಬೆಂಗಳೂರಿನಲ್ಲಿ ಸರಕಿದೆ. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ರಾಷ್ಟ್ರಪತಿ ಸ್ಥಾನಕ್ಕೆ ನೀಲಂ ಸಂಜೀವ ರೆಡ್ಡಿ ಎಂದು ಇದೇ ಊರಿನಲ್ಲಿ ತೀರ್ಮಾನವಾಯಿತು. ಮನಸ್ಸಿಲ್ಲದಿದ್ದರೂ ಪ್ರಧಾನಿ ಇಂದಿರಾ ಗಾಂಧಿ ರೆಡ್ಡಿಯವರ ನಾಮಪತ್ರಕ್ಕೆ ಸೂಚಕಿಯಾಗಿ ಸಹಿ ಹಾಕಿದರು. ಆಮೇಲೆ ಸಂಸದರಿಗೆ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು. ಆತ್ಮಸಾಕ್ಷಿ ಎದುರಾಳಿ ವಿ.ವಿ. ಗಿರಿಯವರ ಕಡೆ ವಾಲಿತು, ಅದೂ ಎರಡನೇ ಪ್ರಾಶಸ್ತ್ಯದ ಮತಗಳನ್ನು ಎಣಿಸಿದ ಮೇಲೆ. ಅತ್ತ ರೆಡ್ಡಿಯವರ ಮಾನ ಹರಾಜು ಹಾಕುವ ಕರಪತ್ರ ಸಂಸದರ ಕೈ ಸೇರಿತ್ತು. ಚುನಾವಣೆಯ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, ಆಗ ರಾಷ್ಟ್ರಪತಿಯಾಗಿದ್ದ ಗಿರಿಯವರೇ ಬಂದು ಸಾಕ್ಷಿ ನುಡಿದರು. ಅರ್ಜಿ ವಜಾ ಆಯಿತು. ಅಷ್ಟರಲ್ಲಿ ಪಕ್ಷವೇ ಎರಡು ಹೋಳಾಗಿತ್ತು. ರೆಡ್ಡಿಯವರು? 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಸೋತವರೂ ಗೆಲ್ಲುವ ಈ ಉಪಸಂಹಾರವನ್ನು ಯಾವ ಥ್ರಿಲ್ಲರ್ ತಾಳಿಕೊಂಡೀತು!

ವೈಟ್‌ಫೀಲ್ಡ್ ಕಡೆ ಕಂಪ್ಯೂಟರ್ ಇರುವುದರಿಂದ ರಹಸ್ಯ ಅಲ್ಲೇ ಇರಬೇಕು ಎಂದುಕೊಂಡೀರಿ. ಇದೆ ಸ್ವಾಮಿ. ವೈಟ್‌ಫೀಲ್ಡ್ ಇರುವ ಮಹದೇವಪುರವೂ ಸೇರಿದಂತೆ ಮೂರು ಕ್ಷೇತ್ರಗಳಲ್ಲಿ ಜಾಗೃತಿಯ ಹೆಸರಿನಲ್ಲಿ ಮತದಾರರ ಮಾಹಿತಿ ಕದ್ದ ಆರೋಪ 2022ರಲ್ಲಿ ಬಂತು, ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. 2025ರಲ್ಲಿ ಅದೇ ಮಹದೇವಪುರದಲ್ಲಿ 1,00,250 ಮತಗಳ ಕಳವು ಎಂದು ರಾಹುಲ್ ಗಾಂಧಿ ಆರೋಪಿಸಿದರು. ಚುನಾವಣಾ ಆಯೋಗ ಅದನ್ನು ತಳ್ಳಿಹಾಕಿ, ಪ್ರಮಾಣ ಮಾಡಿ ಬರೆದುಕೊಡಿ ಎಂದಿತು. ಇನ್ನು ಮತದಾರರ ವಿಚಾರ: 2024ರ ಲೋಕಸಭಾ ಚುನಾವಣೆಯಲ್ಲಿ ಮತದಾನ ಶುಕ್ರವಾರ ಬಿತ್ತು. ಶನಿವಾರ, ಭಾನುವಾರ ಸೇರಿದರೆ ಮೂರು ದಿನ ರಜೆ. ಮಹದೇವಪುರ ಸೇರಿರುವ ಬೆಂಗಳೂರು ಸೆಂಟ್ರಲ್‌ನಲ್ಲಿ ನೂರಕ್ಕೆ 54 ಮಂದಿ ಮತಗಟ್ಟೆಗೆ ಬಂದರು. ಉಳಿದವರ ಮತ ಕದಿಯಲು ಕಳ್ಳನಿಗೂ ಸ್ಪರ್ಧೆ ಇರಲಿಲ್ಲ.

ಆದ್ದರಿಂದ ನನ್ನದೊಂದು ಅರಿಕೆ. ಮುಂದಿನ ಪುಸ್ತಕದಲ್ಲಿ ರಹಸ್ಯವನ್ನು ಮೊದಲ ಪುಟದಲ್ಲೇ ಪೇಪರಿನವರಿಗೆ ಕೊಟ್ಟುಬಿಡಿ. ಆಮೇಲೆ ಏನಾಗುತ್ತದೆ ಎಂದು ಮುನ್ನೂರು ಪುಟ ಬರೆಯಿರಿ, ಆಗ ನಿಮ್ಮ ಕೈಚಳಕ ಗೊತ್ತಾಗುತ್ತದೆ. ಕೊನೆಯ ಅಧ್ಯಾಯಕ್ಕೆ ಮುಂಚೆ ನನಗೊಂದು ಫೋನ್ ಮಾಡಿ. ಅಷ್ಟು ಹೊತ್ತಿಗೆ ನಿಮ್ಮ ಖಳನಾಯಕ ಯಾವ ಪಕ್ಷದಲ್ಲಿದ್ದಾನೆ ಎಂದು ವಿಚಾರಿಸಿ ಹೇಳುತ್ತೇನೆ.

ಇಂತಿ,
ಪೀಣ್ಯ ಎರಡನೇ ಹಂತದ ಒಬ್ಬ ಮತದಾರ