ಅಗ್ಗದ ಬೇಸ್, ದುಬಾರಿ ಚಟ

ಅಗ್ಗದ ಬೇಸ್ ಗಿಟಾರ್ ಕೊಳ್ಳುವವರಿಗೆ ಗಿಟಾರ್ ಬರೀ ನೆಪ. ಬೇಕಾದದ್ದು ಬಿಚ್ಚಲು ಏನಾದರೊಂದು. 1951ರಲ್ಲಿ ಲಿಯೊ ಫೆಂಡರ್ ಪ್ರಿಸಿಷನ್ ಬೇಸ್ ಹೊರತಂದಾಗ ಅದರ ಕುತ್ತಿಗೆಯನ್ನು ಅಂಟಿಸದೆ ಸ್ಕ್ರೂ ಹಾಕಿ ಬಿಗಿದ. ಆ ಪುಣ್ಯಾತ್ಮನ ದಯೆಯಿಂದ ಇವತ್ತು ಸ್ಕ್ರೂಡ್ರೈವರ್ ಇರುವ ನನ್ನಂಥವರೆಲ್ಲ ವಾದ್ಯತಜ್ಞರು!

ಅಗ್ಗದ ಬೇಸ್ ಮನೆಗೆ ಬಂದಾಗ ತಂತಿಗೂ ಫ್ರೆಟ್ಟಿಗೂ ನಡುವೆ ಬಟ್ಟೆ ಒಣಹಾಕುವಷ್ಟು ಜಾಗ. ಕುತ್ತಿಗೆಯೊಳಗಿನ ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿ, ತಂತಿ ಕೂರುವ ಸ್ಯಾಡಲ್ ಇಳಿಸಿ, ಹನ್ನೆರಡನೇ ಫ್ರೆಟ್ಟಿನ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲೆ ಕೂರುವಂತೆ ಹೊಂದಿಸಿದರೆ ಸಾಕು, ವಾದ್ಯ ಸೊಗಸಾಗಿ ನುಡಿಯುತ್ತದೆ. ನಿಜವಾಗಿ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಮುಗಿಸುವವರು ಯಾರು? ಗುಂಯ್‌ಗುಡುವ ಸದ್ದಿಗೆ ಒಳಗೆಲ್ಲ ತಾಮ್ರದ ಹಾಳೆ, ಆಮೇಲೆ ಹೊಸ ಪಿಕಪ್, ಅದಕ್ಕೊಪ್ಪುವ ಗುಂಡಿಗಳು. ಮೂಲ ವಾದ್ಯದ್ದಾಗಿ ಉಳಿದದ್ದು ಬಿಲ್ ಮಾತ್ರ.

"ಏನು ಬದಲಾಯ್ತು?" ಎಂದಳು ಹೆಂಡತಿ.

"ತಳದ ಸ್ವರಕ್ಕೆ ತೂಕ ಬಂತು."

"ಮೊದಲೂ ಢುಮ್ ಅಂತಿತ್ತು, ಈಗಲೂ ಢುಮ್ ಅಂತಿದೆ."

ಬೇಸ್‌ನವರ ವಿಮರ್ಶಕರೆಲ್ಲ ಹೀಗೇ.

ಇದಕ್ಕೆ ತದ್ವಿರುದ್ಧ, ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್. ಒಂದು ಪ್ರಿಸಿಷನ್ ಬೇಸ್, ತುಂಡಾಗುವವರೆಗೂ ಬದಲಿಸದ ಫ್ಲಾಟ್‌ವೌಂಡ್ ತಂತಿ, ಮೀಟಲು ಒಂದೇ ತೋರುಬೆರಳು: ಇಷ್ಟರಲ್ಲೇ ಅರವತ್ತರ ದಶಕದ ಅಮೆರಿಕವನ್ನು ಕುಣಿಸಿದ. ಅದನ್ನು ಓದಿದ ರಾತ್ರಿಯೇ ನಾನು ಹೊಸ ಫ್ಲಾಟ್‌ವೌಂಡ್ ತಂತಿಗೆ ಆರ್ಡರ್ ಹಾಕಿದೆ. ಹಳೆಯದಾಗಬೇಕಾದರೆ ಮೊದಲು ಹೊಸದು ಬೇಕಲ್ಲ!